ಮೂಳೆ ಕೂಡಿತು, ಮಂಡಿ ಕೆಟ್ಟಿತು

ಗುಂಡಿಗೆ ಬೈಕ್ ಇಳಿಸಿ, ಮಂಡಿಯ ಕೀಲಿನೊಳಕ್ಕೇ ಬಿರುಕು ಬಿಡುವಂತೆ ಮೂಳೆ ಮುರಿದುಕೊಂಡವನಿಗೆ ನಮ್ಮಲ್ಲಿ ಆರೈಕೆಗೇನೂ ಕಡಿಮೆಯಿಲ್ಲ. ಪ್ಲೇಟು, ಸ್ಕ್ರೂ, ಕಾಲು ಸೂಪು. ಕೆಲವು ತಿಂಗಳಿಗೆ ಎಕ್ಸ್‌ರೇ ಬೆಳಕಿಗೆ ಹಿಡಿದು, "ಮೂಳೆ ಚೆನ್ನಾಗಿ ಕೂಡಿದೆ, ಹೋಗಿ ಬನ್ನಿ." ಫೈಲು ಮುಚ್ಚಿತು.

ಎಕ್ಸ್‌ರೇಯಲ್ಲಿ ಮೂಳೆ ತುದಿಯ ಮೆತ್ತೆಯಾದ ಮೃದ್ವಸ್ಥಿ (ಕಾರ್ಟಿಲೇಜ್) ಕಾಣುವುದಿಲ್ಲ. ಕಾಣದ್ದಕ್ಕೆ ಯಾರೂ ಜವಾಬ್ದಾರರಲ್ಲ.

ಮುರಿದ ಗಳಿಗೆಯಲ್ಲೇ ಕೀಲಿನೊಳಗೆ ರಕ್ತ ತುಂಬುತ್ತದೆ. ಪೆಟ್ಟಿಗೇ ಮೃದ್ವಸ್ಥಿಯ ಒಂದಷ್ಟು ಜೀವಕೋಶಗಳು ಸಾಯುತ್ತವೆ. ಉಳಿದವನ್ನು ಉರಿಯೂತ ವಿಚಾರಿಸಿಕೊಳ್ಳುತ್ತದೆ. ಇಂಟರ್‌ಲ್ಯೂಕಿನ್-1, ಟಿಎನ್‌ಎಫ್ ಮುಂತಾದ ಉರಿಯೂತದ ದೂತರಾಸಾಯನಿಕಗಳು ಕೀಲಿನ ದ್ರವದಲ್ಲಿ ಏರುತ್ತವೆ. ಅವುಗಳ ಕುಮ್ಮಕ್ಕಿನಿಂದ ಹೊರಟ ಕಿಣ್ವಗಳು ಮೃದ್ವಸ್ಥಿಯ ಕೊಲಾಜೆನ್ನನ್ನೂ, ನೀರು ಹಿಡಿದಿಡುವ ಅಗ್ರಿಕ್ಯಾನನ್ನೂ ಕತ್ತರಿಸುತ್ತಾ ಹೋಗುತ್ತವೆ. ಮೃದ್ವಸ್ಥಿಗೆ ರಕ್ತನಾಳವಿಲ್ಲ, ರಿಪೇರಿಗೆ ಯಾರೂ ಬರುವುದಿಲ್ಲ. ನರವಿಲ್ಲ, ನೋವೆಂದು ಕೂಗುವುದೂ ಇಲ್ಲ. ಆದರ್ಶ ಮತದಾರ.

ಮೂಳೆಯನ್ನು ಕೂದಲೆಳೆಯಷ್ಟೂ ತಪ್ಪದಂತೆ ಜೋಡಿಸಿದರೂ ಕೆಲವರ ಕೀಲು ಹಾಳಾಗುವುದು ಇದಕ್ಕೇ. ಇದನ್ನು ತಡೆಯುವ ಒಪ್ಪಿತ ಔಷಧಿ ಇನ್ನೂ ಬಂದಿಲ್ಲ. ಡಾಕ್ಟರ ತಪ್ಪಲ್ಲ, ಸರಿ. ಹೇಳುವುದಕ್ಕೇನು ಧಾಡಿ? ಆಪರೇಷನ್ನಿಗೆ ಮುಂಚೆ ಸಹಿ ಹಾಕಿಸಿಕೊಳ್ಳುವ ಫಾರಂನಲ್ಲಿ ಪ್ರಾಣ ಹೋದರೆ ನಾವಲ್ಲ ಎನ್ನುವುದಕ್ಕೆ ಜಾಗವಿದೆ. ಮುಂದೆ ಮಂಡಿ ಸವೆಯಬಹುದು, ತೂಕ ಏರದಂತೆ ನೋಡಿಕೊಳ್ಳಿ, ತೊಡೆಯ ಸ್ನಾಯು ಗಟ್ಟಿ ಮಾಡಿಕೊಳ್ಳಿ ಎಂಬ ಒಂದು ಸಾಲಿಗೆ ಜಾಗವಿಲ್ಲ.

ಹತ್ತು ವರ್ಷ ಕಳೆದು, ನಲವತ್ತಾಗುವ ಮೊದಲೇ, ಆಸಾಮಿ ಕುಂಟುತ್ತಾ ವಾಪಸ್. "ಸವೆತ ಕಣ್ರೀ. ವಯಸ್ಸಾಯ್ತಲ್ಲ!" ಹೀಗೆಂದ ಡಾಕ್ಟರಿಗೆ ಅರವತ್ತು ದಾಟಿದೆ. ಬೆಳಿಗ್ಗೆ ಶಟಲ್ ಆಡಿ ಬಂದಿದ್ದಾರೆ.

ಚೀಟಿಯಲ್ಲಿ ಗ್ಲುಕೋಸಮೈನ್. ಮಂಡಿ ಸವೆತಕ್ಕೆ ಇದು ಬೇಡವೆಂದು ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 2019ರ ಮಾರ್ಗಸೂಚಿಯಲ್ಲೇ ಖಡಾಖಂಡಿತವಾಗಿ ಹೇಳಿದೆ. ನಮ್ಮ ಮೆಡಿಕಲ್ ಶಾಪಿಗೆ ಸುದ್ದಿ ಮುಟ್ಟಿಲ್ಲ. ಟಿವಿಯಲ್ಲಿ ಎಣ್ಣೆ ಮಾರುವವರ ಮಾತು ಬಿಡಿ, ಅವರು ಬಂಡೆಗೂ ಮೃದ್ವಸ್ಥಿ ಬೆಳೆಸುತ್ತಾರೆ.

ಸರ್ಕಾರ ಸುಮ್ಮನಿಲ್ಲ. 2017ರ ಆಗಸ್ಟ್‌ನಲ್ಲಿ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಒಳ್ಳೆಯ ಕೆಲಸವೇ. ಸ್ವಂತ ಮಂಡಿ ಪೂರ್ತಿ ಕೆಡುವವರೆಗೆ ಕಾದರೆ ನಿಮಗೂ ಅದರ ಲಾಭವುಂಟು.

ನಿಮ್ಮ ವಿಮಾ ಪಾಲಿಸಿ ತೆಗೆದು ನೋಡಿ. ಮಂಡಿ ಬದಲಿಸಿದರೆ ಲಕ್ಷಗಟ್ಟಲೆ ಕೊಡುತ್ತಾರೆ. ಇರುವ ಮಂಡಿ ಉಳಿಸಿಕೊಳ್ಳಲು ತಿಂಗಳುಗಟ್ಟಲೆ ಮಾಡಿಸಿದ ಫಿಸಿಯೋಥೆರಪಿಯ ಬಿಲ್ ಹಿಡಿದು ಹೋದರೆ, ಎಷ್ಟೋ ಕಡೆ ಸಿಗುವ ಉತ್ತರ ಒಂದೇ: "ನೀವು ಅಡ್ಮಿಟ್ ಆಗಿರಲಿಲ್ವಲ್ಲ ಸಾರ್."