ಕೊನೆಯ ಶೇಕಡಾ 16

ನಲವತ್ತು ದಾಟಿದವನು ಮತ್ತೆ ಪರೀಕ್ಷೆ ಬರೆಯುತ್ತಾನೆಂದರೆ ನಮ್ಮ ತುಮಕೂರು ಕಡೆಯ ಹಳ್ಳಿಯಲ್ಲಿ ಅದಕ್ಕೆ ಒಂದೇ ಅರ್ಥ: ಎಂಜಿನಿಯರಿಂಗ್‌ನಲ್ಲಿ ಯಾವುದೋ ಸಬ್ಜೆಕ್ಟು ಡುಮ್ಕಿ ಹೊಡೆದಿದ್ದು ಈಗ ಬಯಲಾಗಿದೆ. "ಆವಾಗ್ಲೇ ಪಾಸಾದ ಅಂತ ಪೇಡ ಹಂಚಿದ್ರಲ್ಲ?" ಎಂದು ದೊಡ್ಡಮ್ಮ ನಮ್ಮಮ್ಮನನ್ನು ಹಿತ್ತಿಲಿಗೆ ಕರೆದು ಕೇಳಿದರಂತೆ. ಬೆಂಗಳೂರಿನವರು ಅಂಥ ಅನುಮಾನ ಪಡುವುದಿಲ್ಲ. ಟೆಕ್ನಾಲಜಿ ಮ್ಯಾನೇಜ್‌ಮೆಂಟ್‌ನಲ್ಲಿ ಎಂಬಿಎ ಮಾಡ್ತಿದೀನಿ ಎಂದರೆ ಅವರು ಕೇಳುವುದು ಎರಡೇ: ಫೀಸೆಷ್ಟು, ಅದರಲ್ಲಿ ಕಂಪನಿ ಎಷ್ಟು ಕೊಡುತ್ತೆ. ಅಲ್ಲಿ ಏನು ಹೇಳಿಕೊಡ್ತಾರೆ ಎಂದು ಕೇಳಿದವನು ಇಲ್ಲಿಯವರೆಗೆ ನಮ್ಮಪ್ಪ ಒಬ್ಬನೇ.

"ಹೊಸ ಮಿಷಿನ್ನು ಯಾವಾಗ ತಗಬೇಕು, ಹಳೇದು ಯಾವಾಗ ಬಿಡಬೇಕು, ಜನ ಅದನ್ನ ಯಾಕೆ ಒಪ್ತಾರೆ, ಯಾಕೆ ಒಪ್ಪಲ್ಲ, ಇಂಥವಪ್ಪ."

"ಇದನ್ನ ಕೇಳಕ್ಕೆ ಲಕ್ಷಗಟ್ಲೆ ಕೊಡ್ತಿದೀಯಾ?" ಎಂದ ಅಪ್ಪ, ಎಲೆಗೆ ಸುಣ್ಣ ಸವರುತ್ತ.

ಶನಿವಾರ, ಭಾನುವಾರ ಕ್ಲಾಸು. ಮೊದಲ ಸೆಮಿಸ್ಟರಿನಲ್ಲಿ ಯಾವ ಮೇಷ್ಟ್ರು ಬಂದರೂ ಕೊಡಾಕ್ ಕಂಪನಿಯ ಕಥೆಯಿಂದಲೇ ಶುರು. ಅಲ್ಲಿನ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲೇ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದರೂ ಕಂಪನಿ ಫಿಲ್ಮ್ ರೋಲಿನ ಲಾಭ ಬಿಡಲಾರದೆ ಕೂತು 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಮರುವರ್ಷವೇ ಅದು ದಿವಾಳಿಯಿಂದ ಹೊರಬಂದು ಇವತ್ತಿಗೂ ಬದುಕಿದೆ. ಆದರೂ ಎಂಬಿಎ ಕ್ಲಾಸುಗಳಲ್ಲಿ ವರ್ಷಾಬ್ದಿಕದಂತೆ ಅದರ ತಿಥಿ ತಪ್ಪದೆ ನಡೆಯುತ್ತದೆ.

ಅಮೆರಿಕದ ಸಾವಿಗೆ ಅಳುವ ಬದಲು ನಮ್ಮ ಎಚ್ಎಂಟಿಯನ್ನೇ ಪಾಠ ಮಾಡಬಹುದಲ್ಲ ಎಂದು ನನಗೆ ಅನ್ನಿಸುತ್ತಿತ್ತು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಶುರುಮಾಡಿದ ಎಚ್ಎಂಟಿ ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ತೆರೆಯಿತು. 1984ರಲ್ಲಿ ಟೈಟಾನ್ ಹುಟ್ಟಿ, ಹೊಸೂರಿನಲ್ಲಿ ಕ್ವಾರ್ಟ್ಜ್ ವಾಚು ಮಾಡಿ ಅಂಗಡಿಗಳನ್ನೆಲ್ಲ ಹಿಡಿಯಿತು. ಕ್ವಾರ್ಟ್ಜ್ ಎಚ್ಎಂಟಿಗೂ ಗೊತ್ತಿತ್ತು, ಮಾಡಿಯೂ ಇತ್ತು. ಆದರೆ ಅದರ ಮನಸ್ಸೆಲ್ಲ ಕೀ ಕೊಡುವ ವಾಚಿನ ಮೇಲೆ. 2016ರಲ್ಲಿ ವಾಚಿನ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋ ಪಾಲಾಯಿತು. ಅಪ್ಪನ ಮದುವೆಯ ಎಚ್ಎಂಟಿ ಮಾತ್ರ ಈಗಲೂ ನಡೆಯುತ್ತಿದೆ, ದಿನಕ್ಕೆ ಐದು ನಿಮಿಷ ಮುಂದೆ. ಬಸ್ಸು ಹಿಡಿಯುವವನಿಗೆ ಅದು ದೋಷವಲ್ಲ, ಅನುಕೂಲ.

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪೇಪರಿನಲ್ಲಿ ಪರ್ಟ್ ಎಂಬ ಲೆಕ್ಕ ಬಂತು. 1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಕಂಡುಕೊಂಡದ್ದು. ಒಂದು ಕೆಲಸ ಎಲ್ಲ ಕೂಡಿಬಂದರೆ ಎಷ್ಟು ದಿನ, ಮಾಮೂಲಿಯಾಗಿ ಎಷ್ಟು ದಿನ, ಎಲ್ಲ ಕೈಕೊಟ್ಟರೆ ಎಷ್ಟು ದಿನ ಎಂದು ಕೇಳಿಕೊಳ್ಳಬೇಕು. ಮಾಮೂಲಿ ದಿನಗಳನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಬೇಕು. ಆಗ ಊರಿನ ಮನೆಯ ಮಹಡಿ ಮೇಲೆ ಒಂದು ರೂಮು ಏಳುತ್ತಿತ್ತು. ಲೆಕ್ಕ ಹಿಡಿದು ಗಾರೆ ಮೇಸ್ತ್ರಿಯ ಹತ್ತಿರ ಹೋದೆ.

"ಎಲ್ಲ ಸರಿಯಾಗಿ ನಡೆದ್ರೆ ಎಷ್ಟು ದಿನ ಬೇಕು?"

"ಹದಿನೈದು ದಿನ ಸಾ."

"ಮಾಮೂಲಿಯಾಗಿ?"

"ಹದಿನೈದು ದಿನ ಸಾ."

"ಮಳೆ ಬಂತು, ಮರಳು ಸಿಗಲಿಲ್ಲ, ಆಳು ಬರಲಿಲ್ಲ ಅನ್ಕೊ. ಆವಾಗ?"

ಮೇಸ್ತ್ರಿ ನನ್ನನ್ನು ಮರುಕದಿಂದ ನೋಡಿದ. "ಆವಾಗ್ಲೂ ಹದಿನೈದು ದಿನ ಅಂತ್ಲೇ ಹೇಳದು ಸಾ."

ಹದಿನೈದು, ಅರವತ್ತು, ಹದಿನೈದು. ಕೂಡಿಸಿ ಆರರಿಂದ ಭಾಗಿಸಿದರೆ ಹದಿನೈದು. ಸೂತ್ರ ಸರಿಯಾಗಿಯೇ ಇದೆ. ಗೃಹಪ್ರವೇಶ ಮಾತ್ರ ಎರಡು ಆಷಾಢ ದಾಟಿತು. ಅಮೆರಿಕದ ನೌಕಾಪಡೆಯ ಪುಣ್ಯ, ಕ್ಷಿಪಣಿ ಕಟ್ಟಲು ನಮ್ಮೂರಿನ ಮೇಸ್ತ್ರಿ ಸಿಗಲಿಲ್ಲ.

ಇನ್ನು ಫ್ರೆಡ್ ಬ್ರೂಕ್ಸ್ ಎಂಬ ಮಹಾನುಭಾವರು. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಇನ್ನಷ್ಟು ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು 1975ರಲ್ಲೇ ಪುಸ್ತಕ ಬರೆದಿಟ್ಟರು. ಶನಿವಾರ ಅದರ ಪಾಠವಾಯಿತು. ಸೋಮವಾರ ಬೆಳಿಗ್ಗೆ, ನನ್ನ ಫೀಸಿನ ಅರ್ಜಿಗೆ ಸಹಿ ಹಾಕಿದ್ದ ಮ್ಯಾನೇಜರೇ ನಮ್ಮ ತಡವಾದ ಪ್ರಾಜೆಕ್ಟಿಗೆ ನಾಲ್ಕು ಜನರನ್ನು ಸೇರಿಸಿದರು. ಅವರಿಗೆ ಕೆಲಸ ಕಲಿಸುವ ಭಾರ ನನ್ನದಾಯಿತು, "ನೀವು ಹೇಗೂ ಮ್ಯಾನೇಜ್‌ಮೆಂಟ್ ಓದ್ತಿದೀರಲ್ಲ" ಎಂಬ ಕಾರಣಕ್ಕೆ.

ಈ ಓದಿನಲ್ಲಿ ನನಗೆ ನಿಜವಾಗಿ ರುಚಿ ಹತ್ತಿದ್ದು ಎವರೆಟ್ ರೋಜರ್ಸ್ ವಿಷಯದಲ್ಲಿ. 1962ರ ಅವರ ಪುಸ್ತಕ ಹೊಸದನ್ನು ಒಪ್ಪುವ ರೀತಿ ನೋಡಿ ಮನುಷ್ಯರನ್ನು ಐದು ಸಾಲಿನಲ್ಲಿ ನಿಲ್ಲಿಸುತ್ತದೆ. ಮೊದಲು ಧುಮುಕುವವರು ಶೇಕಡಾ 2.5, ಅವರ ಬೆನ್ನಿಗೇ ಬರುವವರು 13.5, ನೋಡಿಕೊಂಡು ಬರುವವರು 34, ಅನುಮಾನಿಸುತ್ತ ಬರುವವರು 34. ಕೊನೆಗೆ ಕಾಲೆಳೆಯುವ 16, ಲ್ಯಾಗರ್ಡ್‌ಗಳು. ಗೊತ್ತಿರುವ ಒಬ್ಬರನ್ನು ಇದರಲ್ಲಿ ಕೂರಿಸಿ ಎಂದರು ಮೇಷ್ಟ್ರು. ಉಳಿದವರೆಲ್ಲ ತಮ್ಮ ಬಾಸುಗಳನ್ನು ಕೂರಿಸಿ ಸೇಡು ತೀರಿಸಿಕೊಂಡರು. ನಾನು ಅಪ್ಪನನ್ನು ಕೂರಿಸಲು ಹೋಗಿ ಸಿಕ್ಕಿಹಾಕಿಕೊಂಡೆ.

ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬರುವುದು ಹೆಚ್ಚಾಗಿ ದೆವ್ವ ಓಡಾಡುವ ಹೊತ್ತಿಗೆ. ಬ್ಯಾಟರಿ ಹಿಡಿದು ತೋಟಕ್ಕೆ ಹೋದರೆ ಹಾವು, ಕರಡಿ. ಮೊದಲು ಆಟೋಸ್ಟಾರ್ಟರ್ ಬಂತು. ಕರೆಂಟು ಬಂದ ಕೂಡಲೇ ಮೋಟಾರು ತಾನೇ ಓಡುತ್ತದೆ. ಊರಿನ ಮೋಟಾರುಗಳೆಲ್ಲ ಒಂದೇ ಕ್ಷಣಕ್ಕೆ ಎದ್ದು ನಿಂತರೆ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರು, ಎಷ್ಟು ಅಂತ ತಡೆದೀತು? ಢಮ್ ಅನ್ನುತ್ತಿತ್ತು. ಹೊಸ ಟಿಸಿ ಬರುವವರೆಗೆ ಊರಿಗೆ ಊರೇ ಒಣಗುತ್ತಿತ್ತು. ಆಮೇಲೆ ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್. ನಮ್ಮೂರಿನಲ್ಲಿ ಅದನ್ನು ಮೊದಲು ಹಾಕಿಸಿದವನು ಅಪ್ಪ. ಫೋನು ಮಾಡಿ ನಂಬರು ಒತ್ತಿದರೆ ಮೋಟಾರು ಓಡುತ್ತದೆ. ಬೆಂಗಳೂರಿನ ನಮ್ಮ ಫ್ಲಾಟಿಗೆ ಬಂದಾಗಲೂ ನಡುರಾತ್ರಿ ಎದ್ದು ಕೂತು ಅಪ್ಪ ಮೋಟಾರಿಗೆ ಫೋನು ಮಾಡುತ್ತಾನೆ. ನನಗೆ ವಾರಕ್ಕೊಮ್ಮೆ, ಮೋಟಾರಿಗೆ ದಿನಾ.

ಹಾಗಾದರೆ ಮೊದಲ 2.5ರ ಗಿರಾಕಿ ಎಂದುಕೊಂಡೆ. ಆದರೆ ಹೈಬ್ರಿಡ್ ಮುಸುಕಿನ ಜೋಳ ಹಾಕು ಎಂದು ಬೀಜದ ಅಂಗಡಿಯವನು ವರ್ಷಗಟ್ಟಲೆ ಬೆನ್ನು ಬಿದ್ದರೂ ಅಪ್ಪ ಜಪ್ಪಯ್ಯ ಅಂದಿಲ್ಲ. "ಪ್ರತಿ ವರ್ಷ ಅವನ ಅಂಗ್ಡಿ ಮುಂದೆ ನಿಂತ್ಕೊಬೇಕು. ಬೀಜ ಮನೇಲಿರಬೇಕು ಕಣ್ಲಾ" ಅನ್ನುತ್ತಾನೆ. ತಾತ ಮಾತ್ರ ಹಿಂದೆ ಹೊಸ ರಾಗಿ ಒಪ್ಪಿದ್ದರು. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ತೆಗೆದ ಇಂಡಾಫ್ ತಳಿ. ಪಕ್ಕದ ಹೊಲದವರ ತೆನೆ ನೋಡಿ, ಅವರಿಂದಲೇ ಎರಡು ಸೇರು ಬೀಜ ತಂದರಂತೆ. ಹೈಬ್ರಿಡ್ ಜೋಳದ ಹಾಗಲ್ಲ ಇದು. ಬೆಳೆದ ರಾಗಿಯಲ್ಲೇ ಮುಂದಿನ ವರ್ಷದ ಬೀಜ ಎತ್ತಿಡಬಹುದು.

ವಿಚಿತ್ರವೆಂದರೆ ರೋಜರ್ಸ್ ಶಾಸ್ತ್ರದ ಬೇರು ಇರುವುದೂ ಅಮೆರಿಕದ ಅಯೋವಾ ರಾಜ್ಯದ ಜೋಳದ ಹೊಲದಲ್ಲೇ. ರಯಾನ್ ಮತ್ತು ಗ್ರಾಸ್ ಎಂಬಿಬ್ಬರು ಅಲ್ಲಿನ 259 ರೈತರನ್ನು ಮಾತಾಡಿಸಿ 1943ರಲ್ಲಿ ಪ್ರಬಂಧ ಬರೆದರು. ಹೈಬ್ರಿಡ್ ಬೀಜದ ಸುದ್ದಿ ತಂದವನು ಮಾರುವವನು, ನಂಬಿಸಿದವನು ಪಕ್ಕದ ಹೊಲದವನು ಎಂಬುದು ಅದರ ಸಾರ. ನಮ್ಮ ತಾತ ಯಾವ ಪ್ರಬಂಧವನ್ನೂ ಓದಿರಲಿಲ್ಲ. ರೋಜರ್ಸ್ ಕೂಡ ಅಯೋವಾದ ರೈತನ ಮಗ. ಅವರಪ್ಪನಿಗೆ ಯಂತ್ರವೆಂದರೆ ಪ್ರಾಣ, ಹೈಬ್ರಿಡ್ ಬೀಜವೆಂದರೆ ಅನುಮಾನ. 1936ರ ಬರಗಾಲದಲ್ಲಿ ನೆರೆಯವರ ಹೈಬ್ರಿಡ್ ನೆಟ್ಟಗೆ ನಿಂತು ತನ್ನ ಜೋಳ ಬಾಡಿದ ಮೇಲಷ್ಟೇ ಆತ ಒಪ್ಪಿದ್ದು. ಇದನ್ನು ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿ ಅಪ್ಪನಿಗೆ ಫೋನು ಮಾಡಿದೆ. ಎಂಗೇಜ್ ಇತ್ತು. ಮೋಟಾರಿನ ಜೊತೆ ಮಾತಾಡುತ್ತಿದ್ದ.

ಅಪ್ಪನನ್ನು ಎರಡು ತುದಿಗೂ ಕೂರಿಸಿ ವರದಿ ಬರೆದುಕೊಟ್ಟೆ. "ಒಬ್ಬನೇ ಮನುಷ್ಯ ಎರಡು ಕಡೆ ಕೂರಕ್ಕಾಗಲ್ಲ, ಒಂದು ಆರಿಸಿ" ಎಂದು ಮೇಷ್ಟ್ರು ಬಿ ಪ್ಲಸ್ ಹಾಕಿದರು. ಹೊಸದನ್ನು ಒಪ್ಪದವನದೇ ತಪ್ಪು ಎನ್ನುವುದು ಈ ಸಂಶೋಧನೆಗಳಿಗೆ ಅಂಟಿದ ರೋಗ ಎಂದು ರೋಜರ್ಸೇ ಬರೆದಿದ್ದಾರೆ. ಅದು ಪುಸ್ತಕದಲ್ಲಿದೆ, ಮೇಷ್ಟ್ರ ಸ್ಲೈಡಿನಲ್ಲಿ ಇರಲಿಲ್ಲ. ನನ್ನ ತೀರ್ಮಾನ ಇಷ್ಟು: ಆ ಐದು ಸಾಲು ಹಾಕಿದ್ದು ಮಾರುವವನ ಕಡೆ ನಿಂತು. ಕೊಳ್ಳುವವನ ಕಡೆ ನಿಂತರೆ ಇರುವುದು ಒಂದೇ ಪ್ರಶ್ನೆ, ಇದರ ಜುಟ್ಟು ಕೊನೆಗೆ ಯಾರ ಕೈಯಲ್ಲಿ? ಸ್ಟಾರ್ಟರಿನದು ಅಪ್ಪನ ಕೈಯಲ್ಲಿದೆ, ಬೀಜದ್ದು ಅಂಗಡಿಯವನ ಕೈಯಲ್ಲಿ.

ಈ ಪದವಿಗೆ ಸೇರಬೇಕೆಂದು ಯೋಚಿಸುತ್ತಿರುವವರು ಧಾರಾಳವಾಗಿ ಸೇರಿ, ಓದು ಚೆನ್ನಾಗಿಯೇ ಇದೆ. ಆದರೆ ನೆಂಟರಿಗೆ ಮೊದಲೇ ಹೇಳಿಬಿಡಿ: ಟಿವಿ ರಿಮೋಟು, ವೈಫೈ, ಮಿಕ್ಸಿ ರಿಪೇರಿ ಇದರ ಸಿಲೆಬಸ್ಸಿನಲ್ಲಿ ಇಲ್ಲ.