ಲೆನ್ಸ್ ರಾಯರ ಮರುಭೂಮಿ

ಲೆನ್ಸ್ ರಾಯರು ಒಬ್ಬರೇ ಅಲ್ಲ. ಜಯನಗರದಲ್ಲಿದ್ದಾರೆ, ಮೈಸೂರಿನ ಕುವೆಂಪುನಗರದಲ್ಲಿದ್ದಾರೆ, ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲೂ ಸಿಗುತ್ತಾರೆ. ವಯಸ್ಸು ಐವತ್ತರ ಆಚೀಚೆ. ಕಸುಬು ಸಾಫ್ಟ್‌ವೇರೋ, ಬ್ಯಾಂಕೋ, ಹಲ್ಲಿನ ಡಾಕ್ಟರಿಕೆಯೋ ಇರುತ್ತದೆ. ಕೇಳಿದರೆ ಮಾತ್ರ ‘ವೈಲ್ಡ್‌ಲೈಫ್’ ಎನ್ನುತ್ತಾರೆ. ಮೈಮೇಲೆ ಲೆಕ್ಕಕ್ಕೆ ಸಿಗದಷ್ಟು ಜೇಬುಗಳಿರುವ ಮಣ್ಣುಬಣ್ಣದ ಕೋಟು. ಅವರ ಭಾಷೆಯಲ್ಲಿ ಊರುಗಳಿಗೆ ಹೋಗುವುದು ಎಂಬುದಿಲ್ಲ, ಊರುಗಳನ್ನು ‘ಮಾಡುವುದು’. ಕಬಿನಿ ಮಾಡಿ ಆಯಿತು. ಕಚ್‌ನ ರಣ್ ಮಾಡಿ ಆಯಿತು. ಮಸಾಯಿ ಮಾರಾ ಈಗ ಪಕ್ಕದ ಮನೆಯವರೂ ಮಾಡಿದ್ದಾರೆ. ಹಾಗಾಗಿ ಈ ಸಲ ನಮೀಬಿಯಾ.

ಪ್ರವಾಸ ಶುರುವಾಗುವುದು ಕೆಂಪೇಗೌಡ ವಿಮಾನನಿಲ್ದಾಣದ ತಕ್ಕಡಿಯ ಮುಂದೆ. ಕೈಚೀಲಕ್ಕೆ 7 ಕಿಲೋ ಮಿತಿ. ರಾಯರ 600 ಎಂಎಂ ಲೆನ್ಸ್ ಒಂದೇ 3 ಕಿಲೋ ತೂಗುತ್ತದೆ. ಬೆಲೆ ಹತ್ತು ಲಕ್ಷಕ್ಕೂ ಮೇಲೆ. ಅದನ್ನು ಲಗೇಜಿಗೆ ಹಾಕುವುದೆಂದರೆ ಅವರಿಗೆ ಹೆತ್ತ ಮಗುವನ್ನು ಪಾರ್ಸೆಲ್ ಮಾಡಿದ ಸಂಕಟ. ಆಗ ಆ ಜೇಬುಗಳ ಮಹಿಮೆ ಬೆಳಕಿಗೆ ಬರುತ್ತದೆ. ಎಡಗಡೆ ಎರಡನೇ ಕ್ಯಾಮೆರಾ, ಬಲಗಡೆ ಇನ್ನೊಂದು ಲೆನ್ಸ್, ಒಳಜೇಬಿನಲ್ಲಿ ಬ್ಯಾಟರಿಗಳು. ಚೀಲ ಹಗುರಾಗಿ ರಾಯರು ದಪ್ಪಗಾಗುತ್ತಾರೆ. ಮನುಷ್ಯರನ್ನು ತೂಗುವ ನಿಯಮ ಸದ್ಯಕ್ಕಿಲ್ಲ.

ಬೀನ್ ಬ್ಯಾಗ್ ಮಾತ್ರ ಖಾಲಿಯಾಗಿ ಪ್ರಯಾಣ ಮಾಡುತ್ತದೆ. ಜೀಪಿನ ಕಿಟಕಿಯ ಮೇಲಿಟ್ಟು ಲೆನ್ಸಿಗೆ ಆಸರೆ ಕೊಡುವ ಚೀಲ ಅದು. ತಲುಪಿದ ಊರಿನಲ್ಲಿ ಅಕ್ಕಿಯನ್ನೋ ಕಾಳನ್ನೋ ತುಂಬಿಕೊಳ್ಳುವುದು ವಾಡಿಕೆ. ರಾಯರು ರಾಜಧಾನಿ ವಿಂಡ್‌ಹುಕ್‌ನ ಅಂಗಡಿಯಲ್ಲಿ ಅಕ್ಕಿಯನ್ನು ಬೆರಳಲ್ಲಿ ಉಜ್ಜಿ, ಮೂಸಿ ನೋಡಿ, ಹಳೇ ಅಕ್ಕಿಯೇ ಎಂದು ವಿಚಾರಿಸಿ ತುಂಬಿಸುತ್ತಾರೆ. ಕೊನೆಯ ದಿನ ತಂಡದವರು ಅದನ್ನೇ ಬೇಯಿಸಿ ಚಿತ್ರಾನ್ನ ಮಾಡುತ್ತಾರೆ. ಪ್ರವಾಸದ ಉದ್ದಕ್ಕೂ ಆನೆ, ಸಿಂಹಗಳ ಧೂಳು ಕುಡಿದ ಅಕ್ಕಿ. ಉಪ್ಪಿನಕಾಯಿ ಬೆಂಗಳೂರಿನಿಂದ ಬಂದಿರುತ್ತದೆ. ಅದಕ್ಕೆ ಜಾಗ ಎಲ್ಲಿತ್ತೆಂದು ಯಾರೂ ಕೇಳುವುದಿಲ್ಲ.

ನಮೀಬಿಯಾದಲ್ಲಿ ರಾಯರಿಗೆ ಬೇಕಾದ ಮೊದಲ ಚಿತ್ರವನ್ನು ಛಾಯಾಗ್ರಾಹಕ ಫ್ರಾನ್ಸ್ ಲ್ಯಾಂಟಿಂಗ್ ಆಗಲೇ ತೆಗೆದಾಗಿದೆ. ಡೆಡ್‌ವ್ಲೇ ಎಂಬ ಬಿಳಿ ಜೇಡಿಯ ಬಯಲು, ಅದರಲ್ಲಿ ಸತ್ತು ನಿಂತ ಕಪ್ಪು ಮರಗಳು, ಹಿಂದೆ ಬೆಂಕಿಬಣ್ಣದ ಮರಳುಗುಡ್ಡ. 2011ರ ಜೂನ್‌ನ ‘ನ್ಯಾಷನಲ್ ಜಿಯಾಗ್ರಫಿಕ್’ನಲ್ಲಿ ಅದು ಅಚ್ಚಾದಾಗ ಎಷ್ಟೋ ಜನ ಪೇಂಟಿಂಗ್ ಎಂದೇ ತಿಳಿದರು. ಗುಟ್ಟು ಸರಳ: ಬೆಳಗಿನ ಬಿಸಿಲು ಹಿಂದಿನ ಗುಡ್ಡಕ್ಕೆ ಬಿದ್ದಿದೆ, ಬಯಲು ಇನ್ನೂ ನೆರಳಲ್ಲಿದೆ. ನೆರಳಿನ ನೆಲ ಆಕಾಶದ ನೀಲಿಯನ್ನು ಹೊತ್ತುಕೊಳ್ಳುತ್ತದೆ, ಗುಡ್ಡದ ಮೇಲಿನ ಹುಲ್ಲಿನ ಗುಪ್ಪೆಗಳು ಬಿಳಿ ಚುಕ್ಕೆಗಳಾಗುತ್ತವೆ. ಬಿಸಿಲು ಕೆಳಗಿಳಿದು ಮರದ ಬುಡ ಮುಟ್ಟಿತೋ, ಆಟ ಮುಗಿಯಿತು.

ಆದ್ದರಿಂದ ರಾಯರು ಕತ್ತಲಲ್ಲೇ ಏಳುತ್ತಾರೆ. ಚಳಿಗಾಲದ ಬೆಳಗಿನಲ್ಲಿ ಮರುಭೂಮಿಯ ಚಳಿ ಮೂಳೆಗಿಳಿಯುತ್ತದೆ, ಮಂಕಿ ಕ್ಯಾಪ್ ಹೊರಬರುತ್ತದೆ. ಡೆಡ್‌ವ್ಲೇ ಇರುವ ಉದ್ಯಾನದ ಸೆಸ್ರಿಯಮ್ ಗೇಟು ತೆರೆಯುವುದು ಸೂರ್ಯೋದಯಕ್ಕೆ. ಉದ್ಯಾನದ ಒಳಗೇ ಉಳಿದುಕೊಂಡವರಿಗೆ ಮಾತ್ರ ಅದಕ್ಕೂ ಮೊದಲು ಹೊರಡುವ ಅವಕಾಶ. ಹೆಚ್ಚು ದುಡ್ಡು ತೆತ್ತು ಒಳಗೇ ಉಳಿದ ರಾಯರು 60 ಕಿಲೋಮೀಟರ್ ಡಾಂಬರು ದಾಟಿ, ಕೊನೆಯ ನಾಲ್ಕೈದು ಕಿಲೋಮೀಟರ್ ಮರಳಿನಲ್ಲಿ ಫೋರ್‌ವೀಲ್ ಗಾಡಿಯಲ್ಲಿ ಕುಲುಕಿ, ಆಮೇಲೆ ಮರಳಲ್ಲಿ ಕಾಲು ಹೂತುಕೊಂಡು ನಡೆದು ತಲುಪಿದರೆ, ಅಲ್ಲಿ ಆಗಲೇ ಟ್ರೈಪಾಡುಗಳ ಇನ್ನೊಂದು ಕಾಡು ಬೆಳೆದಿರುತ್ತದೆ. ಜರ್ಮನ್ನರು, ಚೀನೀಯರು, ಪುಣೆಯವರು. ಎಲ್ಲರಿಗೂ ಮನುಷ್ಯರೇ ಇಲ್ಲದ ಮರುಭೂಮಿ ಬೇಕು. “ಸ್ವಾಮಿ, ಫ್ರೇಮಿನಿಂದ ಆಚೆ ಹೋಗಿ” ಎಂಬ ಒಂದೇ ಮಾತನ್ನು ಐದಾರು ಭಾಷೆಗಳಲ್ಲಿ ಕಿರುಚಲಾಗುತ್ತದೆ. ಸಂಜೆ ಎಲ್ಲರ ಫೋಟೋ ಕೆಳಗೂ ಒಂದೇ ಶೀರ್ಷಿಕೆ: ಏಕಾಂತ.

ಆ ಮರಗಳ ಕಥೆ ರಾಯರಿಗೆ ಗೈಡ್ ಹೇಳಿಯೇ ಇರುತ್ತಾನೆ. ಸೌಚಾಬ್ ಎಂಬ ನದಿಯ ನೀರು ಹಿಂದೆ ಇಲ್ಲಿಗೆ ಹರಿದು ಬರುತ್ತಿತ್ತು. ಮರಳುಗುಡ್ಡಗಳು ಸರಿದು ಬಂದು ದಾರಿ ಕಟ್ಟಿದವು. ಮರಗಳು ಸತ್ತು ಆರೇಳು ನೂರು ವರ್ಷಗಳಾದವು, ಗಾಳಿಯಲ್ಲಿ ಕೊಳೆಯುವಷ್ಟೂ ತೇವವಿಲ್ಲದೆ ಹಾಗೇ ನಿಂತಿವೆ. ಅಂದರೆ ವಿಜಯನಗರ ಕಟ್ಟುತ್ತಿದ್ದ ಕಾಲದ ಸುಮಾರಿಗೆ ಒಣಗಿದ ಮರಗಳು. ರಾಯರು ‘ಹ್ಞೂಂ’ ಎನ್ನುತ್ತಾ ಕ್ಯಾಮೆರಾದ ಹಿಸ್ಟೋಗ್ರಾಂ ನೋಡುತ್ತಿರುತ್ತಾರೆ. ದಾರಿಯಲ್ಲಿ ವೆಲ್ವಿಟ್ಷಿಯಾ ಗಿಡ ತೋರಿಸಿದಾಗಲೂ ಅಷ್ಟೇ. ಜೀವಮಾನಕ್ಕೆಲ್ಲ ಎರಡೇ ಎಲೆ, ಸಾವಿರ ವರ್ಷಕ್ಕೂ ಮೀರಿ ಬದುಕುವ ಗಿಡ. “ಒಣಗಿದ ಬಾಳೆಎಲೆ ಇದ್ದ ಹಾಗಿದೆ, ಫೋಟೋಜೆನಿಕ್ ಅಲ್ಲ” ಎಂದು ಗಾಡಿ ಹತ್ತಿಬಿಡುತ್ತಾರೆ.

ಎಟೋಶಾದಲ್ಲಿ ರಾಯರಿಗೆ ಕಳೆ ಬರುತ್ತದೆ. 1907ರಲ್ಲಿ ರಕ್ಷಿತವೆಂದು ಘೋಷಣೆಯಾದ ಕಾಡು. ನಡುವೆ ಸುಮಾರು 4,800 ಚದರ ಕಿಲೋಮೀಟರಿನ ಉಪ್ಪು ಬಯಲು. ಆ ಬಿಳಿ ಮಣ್ಣು ಎರಚಿಕೊಂಡ ಆನೆಗಳು ವಿಭೂತಿ ಬಳಿದ ಬೈರಾಗಿಗಳಂತೆ ಬರುತ್ತವೆ. ಒಕಾಕುಯೋ ಬಿಡಾರದ ನೀರಿನ ಹೊಂಡಕ್ಕೆ ರಾತ್ರಿಯಿಡೀ ದೀಪ ಇರುತ್ತದೆ. ಬೆಂಚಿನ ಮೇಲೆ ಕೂತರೆ ಕಪ್ಪು ಖಡ್ಗಮೃಗ ತಾನಾಗಿ ಬಂದು ನೀರು ಕುಡಿದು ಹೋಗುತ್ತದೆ. ರಾಯರ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತು ಫ್ರೇಮು ಕ್ಲಿಕ್ಕಿಸುತ್ತದೆ. ನಮ್ಮ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳರ ಕಾಲದಲ್ಲಿ ರೋಲಿಗೆ 36 ಚಿತ್ರ. ಅಷ್ಟನ್ನು ರಾಯರು ಎರಡು ಸೆಕೆಂಡಿನೊಳಗೆ ಮುಗಿಸಿ, ಖಡ್ಗಮೃಗ ತಲೆ ಎತ್ತಲಿಲ್ಲವೆಂದು ಗೊಣಗುತ್ತಾರೆ. ಚೀತಾ ಕಂಡಾಗ ಮಾತ್ರ ದೇಶಭಕ್ತಿ ಉಕ್ಕುತ್ತದೆ. 2022ರ ಸೆಪ್ಟೆಂಬರ್ 17ರಂದು ಮಧ್ಯಪ್ರದೇಶದ ಕುನೋಗೆ ಬಂದಿಳಿದ ಎಂಟು ಚೀತಾಗಳು ನಮೀಬಿಯಾದವು ತಾನೇ. “ನಮ್ಮ ಬೀಗರು” ಎಂದು ಗೈಡ್‌ಗೆ ಪರಿಚಯ ಮಾಡಿಕೊಡುತ್ತಾರೆ.

ಪಟ್ಟಿಯಲ್ಲಿ ಉಳಿದದ್ದು ‘ಕಲ್ಚರ್’. ಅಂದರೆ ಕುನೆನೆ ಸೀಮೆಯ ಹಿಂಬಾ ಜನ. ದನ ಸಾಕಿ ಬದುಕುವವರು. ಹೆಂಗಸರು ಬೆಣ್ಣೆಯ ಜಿಡ್ಡಿಗೆ ಕೆಮ್ಮಣ್ಣು ಕಲಸಿದ ಒಟ್ಜಿಜೆಯನ್ನು ಮೈಗೂ ಜಡೆಗೂ ಹಚ್ಚಿಕೊಳ್ಳುತ್ತಾರೆ. ಹಟ್ಟಿಗೆ ಹೋಗುವವರು ಮೊದಲು ಯಜಮಾನನನ್ನು ಕಂಡು, ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಎಣ್ಣೆ ಕೊಡುವುದು ಪದ್ಧತಿ. ರಾಯರು ಕೊಡುತ್ತಾರೆ, ಕೊಡುವುದರ ಫೋಟೋವನ್ನೂ ತೆಗೆಸಿಕೊಳ್ಳುತ್ತಾರೆ. ಹಿಂದಿನ ದಿನ ಒಪುವೋ ಪೇಟೆಯ ಸೂಪರ್ ಮಾರ್ಕೆಟ್ಟಿನಲ್ಲಿ ಇದೇ ಕೆಮ್ಮಣ್ಣಿನ ಹೆಂಗಸರು, ದನದ ಕೋಡಿನಾಕಾರದ ಟೋಪಿಯ ಹೆರೆರೊ ಜನಾಂಗದ ಅಜ್ಜಿಯ ಹಿಂದೆ ಬಿಲ್ಲಿಗೆ ಕಾಯುತ್ತಾ ನಿಂತಿದ್ದರು. ಇಡೀ ಪ್ರವಾಸದಲ್ಲೇ ಸೊಗಸಾದ ಚಿತ್ರ ಅದಾಗಬಹುದಿತ್ತು. ರಾಯರಿಗೆ ಟ್ಯೂಬ್‌ಲೈಟ್ ಬೆಳಕು ಹಿಡಿಸಲಿಲ್ಲ.

ಹಟ್ಟಿಯಲ್ಲಿ ಬೆಳಕು ಚೆನ್ನಾಗಿದೆ. ಒಬ್ಬ ಹೆಂಗಸು ಗುಡಿಸಲ ಮುಂದೆ ಕೂತಿದ್ದಾಳೆ. ಕೈಯಲ್ಲಿ ಮೊಬೈಲು. ರಾಯರು ದುಭಾಷಿಯ ಮೂಲಕ ವಿನಯದಿಂದ ಹೇಳಿಸುತ್ತಾರೆ: “ಅದೊಂದು ಬದಿಗಿಡಲಿ ತಾಯಿ, ಸಹಜವಾಗಿ ಕಾಣಬೇಕು.” ಆಕೆ ಮೊಬೈಲನ್ನು ಮಡಿಲಿಗೆ ಸರಿಸಿ, ಮುಖವನ್ನು ಬಿಸಿಲಿನತ್ತ ಅರ್ಧ ತಿರುಗಿಸಿ, ದೂರ ದಿಟ್ಟಿಸುತ್ತಾಳೆ. ಹೀಗೆ ಬಂದುಹೋದ ರಾಯರುಗಳನ್ನು ಆಕೆ ಬಹಳ ಕಂಡಿದ್ದಾಳೆ, ಯಾವ ಕೋನಕ್ಕೆ ಎಷ್ಟು ಹೊತ್ತು ಕೂರಬೇಕೆಂದು ಗೊತ್ತು. ರಾಯರು ಚೌಕಟ್ಟು ಸಾಲದೆಂದು ಹಿಂದೆ ಹೆಜ್ಜೆ ಇಡುತ್ತಾರೆ, ಇನ್ನೊಂದು, ಮತ್ತೊಂದು. ಗೈಡ್ ಓಡಿಬಂದು ಕೋಟಿನ ಜೇಬು ಹಿಡಿದು ಎಳೆಯುತ್ತಾನೆ. ಹಿಂದೆ ಇರುವುದು ಪವಿತ್ರ ಅಗ್ನಿ; ಅದಕ್ಕೂ ಯಜಮಾನನ ಮನೆಗೂ ನಡುವೆ ಹೊರಗಿನವರು ಹಾಯಬಾರದು. ಮನೆಯಲ್ಲಿ ದೇವರಕೋಣೆಗೆ ಚಪ್ಪಲಿ ಹಾಕಿ ಬಂದ ಪ್ಲಂಬರನನ್ನು ಗದರಿದ್ದ ರಾಯರು ಇಲ್ಲಿ “ಬೋರ್ಡ್ ಹಾಕಬೇಕಿತ್ತು” ಎನ್ನುತ್ತಾರೆ.

ಫೋಟೋ ಮುಗಿದ ಮೇಲೆ ಆಕೆಗೂ ಒಂದು ಪ್ರಶ್ನೆ ಇರುತ್ತದೆ: ಇವರ ಮನೆಯಲ್ಲಿ ದನ ಎಷ್ಟಿವೆ? ಒಂದೂ ಇಲ್ಲವೆಂದು ದುಭಾಷಿ ಹೇಳಿದಾಗ ಹೆಂಗಸರೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ. ಗೈಡ್ ಸಮಾಧಾನಕ್ಕೆಂದು ಲೆನ್ಸಿನ ಬೆಲೆಯನ್ನು ದನದ ಲೆಕ್ಕದಲ್ಲಿ ಬಿಡಿಸಿ ಹೇಳುತ್ತಾನೆ. ಒಂದು ಕೊಟ್ಟಿಗೆ ತುಂಬುತ್ತದೆ. ಅಷ್ಟು ದನ ಮಾರಿ ಈ ಕೊಳವೆ ಕೊಂಡನೇ ಎಂದು ಆಕೆ ನಗುತ್ತಾಳೆ. ನಿಜವಾಗಿ ಸಹಜವಾದ ಮುಖ ಆ ಕ್ಷಣದ್ದೇ. ರಾಯರು ಆಗ ಬ್ಯಾಟರಿ ಬದಲಾಯಿಸುತ್ತಿರುತ್ತಾರೆ.

ಊರಿಗೆ ಬಂದು ತಿಂಗಳಾಗುವ ಹೊತ್ತಿಗೆ ಫೋಟೋ ತಿದ್ದುವ ಲೈಟ್‌ರೂಮಿನಲ್ಲಿ ಮರಳು ಇನ್ನಷ್ಟು ಕೆಂಪಾಗಿ, ಆಕಾಶ ಇನ್ನಷ್ಟು ನೀಲಿಯಾಗಿ, ಚಿತ್ರಗಳು ಸ್ಪರ್ಧೆಗಳಿಗೆ ಹೋಗಿರುತ್ತವೆ. ಹಿಂಬಾ ಚಿತ್ರದ ಕೆಳಗೆ ಕ್ಯಾಮೆರಾದ ಹೆಸರಿದೆ, ಲೆನ್ಸಿನ ಹೆಸರಿದೆ, ಐಎಸ್‌ಒ, ಷಟರ್ ಎಲ್ಲ ಇದೆ, ಆಕೆಯ ಹೆಸರಿಲ್ಲ. ಹಾಗೆಂದು ರಾಯರನ್ನು ತಳ್ಳಿಹಾಕುವಂತಿಲ್ಲ. ಚಳಿ, ಧೂಳು, ಬೆನ್ನುನೋವು ತಾಳಿಕೊಂಡು ತಂದ ಚಿತ್ರಗಳಲ್ಲಿ ಕೆಲವಂತೂ ಕಣ್ಣು ಕೀಳಲಾಗದಷ್ಟು ಚೆನ್ನಾಗಿರುತ್ತವೆ. ಫೋಟೋ ನೋಡಲು ಮನೆಗೆ ಕರೆದರೆ ಖಂಡಿತ ಹೋಗಿ. ಊಟ ಮುಗಿಸಿಕೊಂಡು ಹೋಗಿ, ಆಕೆಯ ಹೆಸರೇನು ಎಂದು ಬೇಕಾದರೆ ಕೇಳಿ. ಆದರೆ ಮನೆಗೆ ಬೇಗ ಮರಳಬೇಕೆಂದಿದ್ದರೆ, ಯಾವ ಕಾರಣಕ್ಕೂ “ಇದಕ್ಕೆ ಸೆಟ್ಟಿಂಗ್ ಏನಿಟ್ಟಿದ್ರಿ ಸಾರ್?” ಎಂದು ಬಾಯಿ ಬಿಡಬೇಡಿ.