ಓಟಿಸ್‌ನ ಕಾಲಿನ ಕೇಸು

ಜೊಂಬಿಗಳ ಟಿವಿ ಸೀರಿಯಲ್ ‘ದಿ ವಾಕಿಂಗ್ ಡೆಡ್’ 2010ರಲ್ಲಿ ಶುರುವಾಗಿ, 177 ಕಂತು ಎಳೆದು, 2022ರಲ್ಲಿ ಮುಗಿಯಿತು. ಮಲ್ಲತ್ತಹಳ್ಳಿ ಕೆರೆ ಪಕ್ಕದ ಕಲ್ಲುಬೆಂಚಿನ ಮೇಲೆ ಮಾತ್ರ ಇನ್ನೂ ಮುಗಿದಿಲ್ಲ. ಅಲ್ಲಿ ಸಂಜೆ ಸೇರುವ ಇಂಜಿನಿಯರಿಂಗ್ ಹುಡುಗರಿಗೆ ಎರಡನೇ ಸೀಸನ್ನಿನ ಶೇನ್ ಬಿಡಿಸಲಾಗದ ಕಗ್ಗಂಟು. ಗುಂಡೇಟು ತಿಂದ ಬಾಲಕ ಕಾರ್ಲ್‌ಗೆ ಔಷಧದ ಸಾಮಾನು ತರಲು ಹೋದವನು, ಜೊಂಬಿಗಳು ಬೆನ್ನಟ್ಟಿದಾಗ ಜೊತೆಗಾರ ಓಟಿಸ್‌ನ ಕಾಲಿಗೇ ಗುಂಡು ಹೊಡೆದು ಓಡಿಬಂದ.

“ಇಲ್ಲಾಂದ್ರೆ ಇಬ್ರೂ ಹೋಗ್ತಿದ್ರು ಮಗಾ, ಆ ಹುಡುಗನೂ ಹೋಗ್ತಿದ್ದ.”

“ಕಾಲಿಗ್ಯಾಕೋ? ತಲೆಗೆ ಹೊಡೆದಿದ್ರೆ ನೋವಾದ್ರೂ ಇರ್ತಿರ್ಲಿಲ್ಲ.”

“ತಲೆಗೆ ಹೊಡೆದ್ರೆ ಕಿರುಚೋರು ಯಾರು? ಅವು ಬರೋದೇ ಸದ್ದಿಗೆ!”

ಮಫ್ಲರ್ ಸುತ್ತಿಕೊಂಡು ಮೂರನೇ ಸುತ್ತಿನಲ್ಲಿದ್ದ ನಿವೃತ್ತರೊಬ್ಬರು ಗಕ್ಕನೆ ನಿಂತರು. “ಏನ್ರಪ್ಪಾ, ಯಾರಿಗೆ ಹೊಡೆದಿದ್ದು? ಪೊಲೀಸ್ ಕಂಪ್ಲೇಂಟ್ ಆಯ್ತಾ?”

“ಹೊಡೆದೋನೇ ಪೊಲೀಸು, ಅಂಕಲ್.”

“ಹಾಗಾದ್ರೆ ಕೇಸ್ ನಿಲ್ಲಲ್ಲ ಬಿಡಿ,” ಎಂದು ಅವರು ನಾಲ್ಕನೇ ಸುತ್ತಿಗೆ ಹೊರಟೇಬಿಟ್ಟರು.

ಶೇನ್ ಇರಲಿ, ನನ್ನ ತಕರಾರು ಸೀರಿಯಲ್ಲಿನ ನಾಯಕ ರಿಕ್ ಮೇಲೆ. ಜೊಂಬಿ ತುಂಬಿದ ಅಟ್ಲಾಂಟಾದಿಂದ ಜೀವ ಉಳಿಸಿಕೊಂಡು ಬಂದು, ಕಳೆದುಹೋಗಿದ್ದ ಹೆಂಡತಿ ಮಗನನ್ನು ಊರಾಚೆಯ ಕ್ಯಾಂಪಿನಲ್ಲಿ ಕಂಡ ಪುಣ್ಯಾತ್ಮ, ಮಾರನೇ ದಿನವೇ ಮತ್ತೆ ಅಲ್ಲಿಗೇ ಹೊರಡುತ್ತಾನೆ! ತಾನೇ ಚಾವಣಿಯ ಮೇಲೆ ಬೇಡಿ ಹಾಕಿದ್ದ ಮೆರ್ಲ್‌ನನ್ನೂ ಬಂದೂಕಿನ ಚೀಲವನ್ನೂ ತರಬೇಕಂತೆ. ಮೆರ್ಲ್ ಸಿಗಲಿಲ್ಲ, ಅವನ ಕತ್ತರಿಸಿದ ಕೈ ಸಿಕ್ಕಿತು. ವಾಪಸಾಗುವಷ್ಟರಲ್ಲಿ ಇತ್ತ ಕ್ಯಾಂಪಿನ ಮೇಲೂ ಜೊಂಬಿಗಳು ಬಿದ್ದಿದ್ದವು. ಬೇಡ ಅಂತ ಹೆಂಡತಿ ಹೇಳಿದಾಗಲೇ ಕೇಳಬೇಕಿತ್ತು.